ಒಂದೇ ಫ್ರೀಜರ್, ಮೂರು ಊರು, ಮೂರು ಥರ ಕರೆಂಟ್ ಬಿಲ್

ನಮ್ಮ ಮನೆಯವರದ್ದು ಮೂರು ಊರಲ್ಲಿ ಮೂರು ಸಣ್ಣ ಅಂಗಡಿ. ನಂದು ದಾವಣಗೆರೇಲಿ ಜ್ಯೂಸು ಐಸ್‌ಕ್ರೀಂ, ತಮ್ಮಂದು ಶಿರಸೀಲಿ ಬೇಕರಿ, ಅಕ್ಕ ಭಾವಂದು ರಾಯಚೂರಲ್ಲಿ ಕಿರಾಣಿ ಜೊತೆಗೆ ಕೂಲ್ ಡ್ರಿಂಕ್ಸು. ಮೂರೂ ಕಡೆ ಹಳೇ ಫ್ರೀಜರ್ ಕೈ ಕೊಟ್ಟಿತ್ತು, ಒಟ್ಟಿಗೆ ಮೂರು ತಗೊಂಡ್ರೆ ರೇಟ್ ಇಳಿಸ್ತೀನಿ ಅಂತ ಡೀಲರ್ ಅಂದ, ಸರಿ ಅಂತ ಒಂದೇ ಕಂಪನಿಯ ಒಂದೇ ಮಾಡೆಲ್ಲಿನ ಮೂರು ಪೀಸ್ ತಗೊಂಡ್ವಿ. 300 ಲೀಟರಿಂದು, ಮೇಲಿಂದ ಮುಚ್ಚಳ ಎತ್ತೋ ಚೆಸ್ಟ್ ಫ್ರೀಜರ್, ಹಾರ್ಡ್ ಟಾಪ್ ಅಂತಾರಲ್ಲ ಅದು, ಗ್ಲಾಸ್ ಮುಚ್ಚಳದ್ದಲ್ಲ. ಒಂದಕ್ಕೆ ಹತ್ರ ಹತ್ರ 26 ಸಾವಿರ ಬಿತ್ತು. ಈಗ ಎಲ್ಲಾ ಸೀಸನ್ನೂ ನೋಡಿ ಆಗಿದೆ, ಹಂಗಾಗಿ ರಿವ್ಯೂ ಬರೀತಿದೀನಿ. ಕಂಪನಿ ಹೆಸರು ಬೇಕಂತಲೇ ಹಾಕ್ತಿಲ್ಲ, ಹಾಕಿದ್ರೆ ಆ ಕಂಪನಿ ಒಳ್ಳೇದಾ ಈ ಕಂಪನಿ ಒಳ್ಳೇದಾ ಅಂತ ಜಗಳ ಶುರುವಾಗುತ್ತೆ, ನಾನು ಹೇಳಬೇಕು ಅಂತಿರೋದು ಅದಲ್ಲ. ಇದೇ ಡಬ್ಬಿ ಒಂದೊಂದು ಜಾಗದಲ್ಲಿ ಒಂದೊಂದು ಥರ ಕರೆಂಟ್ ಕುಡಿಯುತ್ತೆ, ಆ ವ್ಯತ್ಯಾಸ ಕಂಪನಿ ಕಂಪನಿ ನಡುವೆ ಇರೋ ವ್ಯತ್ಯಾಸಕ್ಕಿಂತ ದೊಡ್ಡದು.

ಮೊದಲು ಡಬ್ಬಿ ಬಗ್ಗೆ ಬೇಗ ಹೇಳಿಬಿಡ್ತೀನಿ. ಮುಚ್ಚಳ ಗಟ್ಟಿ ಇದೆ, ಬೀಗ ಇದೆ, ಒಳಗೆ ಒಂದೇ ಬುಟ್ಟಿ ಕೊಟ್ಟಿದಾರೆ ಎರಡು ಕೊಡಬೇಕಿತ್ತು, ಕೆಳಗೆ ಚಕ್ರ ಇದೆ ಆದ್ರೆ ತುಂಬಿದಾಗ ಅದನ್ನ ನಂಬಿ ಎಳೀಬೇಡಿ. ನೀರು ಹೋಗೋ ತೂತು ಕೆಳಗಡೆ ಮುಂದೆ ಇದೆ, ಡೀಫ್ರಾಸ್ಟ್ ಮಾಡುವಾಗ ಅನುಕೂಲ. ಸೌಂಡ್ ಕಮ್ಮಿ. ಕೂಲಿಂಗ್ ವಿಷಯದಲ್ಲಿ ಮೂರೂ ಕಡೆ ತಕರಾರಿಲ್ಲ, ಐಸ್‌ಕ್ರೀಂಗೆ ಬೇಕಾದ ಮೈನಸ್ 18 ಬರುತ್ತೆ, ರಾಯಚೂರಲ್ಲೂ ಬರುತ್ತೆ, ಆದ್ರೆ ಎಷ್ಟು ಕಷ್ಟಪಟ್ಟು ಬರುತ್ತೆ ಅನ್ನೋದೇ ಕಥೆ.

ಪ್ಲಗ್ಗಿಗೆ ಹಾಕೋ ಯೂನಿಟ್ ಮೀಟರ್ ಸಿಗುತ್ತಲ್ಲ, ಸಾವಿರ ರೂಪಾಯಿ ಆಸುಪಾಸು, ಅದನ್ನ ಒಂದು ತಗೊಂಡು ಮೂರೂ ಊರಿಗೆ ಬಸ್ಸಲ್ಲಿ ಕಳಿಸಿ ಕಳಿಸಿ ನೋಡಿದ್ವಿ. ಮೇಲೆ ಅಂಟಿಸಿರೋ ಸ್ಟಾರ್ ಲೇಬಲ್ ಲೆಕ್ಕ ಹಿಡಿದ್ರೆ ದಿನಕ್ಕೆ ಎರಡು ಯೂನಿಟ್ ಒಳಗೆ ಮುಗೀಬೇಕು. ಶಿರಸೀಲಿ ಮಳೆಗಾಲದಲ್ಲಿ ಎರಡರ ಒಳಗೇ ಇತ್ತು, ಬೇಸಿಗೇಲಿ ಎರಡೂಕಾಲು ಹತ್ರ. ದಾವಣಗೆರೇಲಿ ಚಳಿಗಾಲದಲ್ಲಿ ಎರಡೂಕಾಲು, ಏಪ್ರಿಲ್ಲಲ್ಲಿ ಮೂರು. ರಾಯಚೂರಲ್ಲಿ ಡಿಸೆಂಬರಲ್ಲೇ ಎರಡೂವರೆ, ಮೇ ತಿಂಗಳಲ್ಲಿ ನಾಲ್ಕು ದಾಟಿತು. ಇದು ಲ್ಯಾಬ್ ಟೆಸ್ಟ್ ಅಲ್ಲ, ಮುಚ್ಚಳ ಎಷ್ಟು ಸಲ ತೆಗೀತಾರೆ ಅನ್ನೋದು ಅಂಗಡಿಗೊಂದು ಥರ ಇರುತ್ತೆ, ಆದ್ರೂ ಇಷ್ಟು ವ್ಯತ್ಯಾಸ ಮುಚ್ಚಳದಿಂದ ಬರಲ್ಲ.

ಯಾಕೆ ಹಿಂಗೆ ಅಂದ್ರೆ, ಫ್ರೀಜರ್ ಅನ್ನೋದು ತಣ್ಣಗೆ ಹುಟ್ಟಿಸೋ ಮಷೀನಲ್ಲ, ಒಳಗಿರೋ ಬಿಸಿ ಎತ್ತಿ ಹೊರಗೆ ಹಾಕೋ ಮಷೀನು. ಒಳಗೆ ಮೈನಸ್ 18 ಇದ್ದು ಹೊರಗೆ 30 ಇದ್ರೆ ನಡುವಿನ ಅಂತರ 48 ಡಿಗ್ರಿ, ಹೊರಗೆ 42 ಆದ್ರೆ ಅಂತರ 60. ಅಂದ್ರೆ ಗೋಡೆ ಮೂಲಕ ಒಳಗೆ ನುಗ್ಗೋ ಬಿಸಿಯೇ ಕಾಲು ಭಾಗ ಜಾಸ್ತಿ ಆಯ್ತು. ಅಷ್ಟಕ್ಕೇ ಮುಗಿಯಲ್ಲ, ಆ ಬಿಸೀನ ಹೊರಗೆ ಹಾಕೋಣ ಅಂದ್ರೆ ಹೊರಗಡೇನೂ ಕಾದಿರುತ್ತೆ, ಹಂಗಾಗಿ ಕಂಪ್ರೆಸರ್ ಹೆಚ್ಚು ಪ್ರೆಷರಿಗೆ ತಳ್ಳಬೇಕು, ಅದೇ ಒಂದು ಯೂನಿಟ್ಟಲ್ಲಿ ಕಮ್ಮಿ ಕೆಲಸ ಆಗುತ್ತೆ. ಎರಡೂ ಸೇರಿ ಏಟು ಬೀಳುತ್ತೆ. ರಾಯಚೂರಲ್ಲಿ ಏಪ್ರಿಲ್ ಮೇ ಅಂದ್ರೆ 40 ದಾಟೋದು ದಿನನಿತ್ಯದ ಮಾತು, ಶಿರಸಿ ಘಟ್ಟದ ಮೇಲಿರೋ ಊರು, ಸುತ್ತ ಕಾಡು ತೋಟ, ಅಲ್ಲಿ 35 ಆದ್ರೇನೇ ಜನ ಏನು ಸೆಕೆ ಅಂತ ಬೈಯ್ತಾರೆ.

ಇನ್ನೊಂದು ವಿಷಯ, ಇದನ್ನ ಯಾವ ಡೀಲರೂ ಬಾಯಿ ಬಿಟ್ಟು ಹೇಳಲ್ಲ. ಫ್ರೀಜರ್ ಹಿಂದೆ ಒಂದು ಸಣ್ಣ ಪ್ಲೇಟ್ ಅಂಟಿಸಿರ್ತಾರೆ, ಅದರಲ್ಲಿ ಕ್ಲೈಮೇಟ್ ಕ್ಲಾಸ್ ಅಂತ ಒಂದು ಅಕ್ಷರ ಇರುತ್ತೆ. ಎನ್ ಅಂತಿದ್ರೆ ಹೊರಗಿನ ಉಷ್ಣತೆ 32 ಡಿಗ್ರಿವರೆಗೆ ಇದ್ದಾಗ ಸರಿಯಾಗಿ ಕೆಲಸ ಮಾಡೋಕೆ ಡಿಸೈನ್ ಮಾಡಿದ್ದು, ಎಸ್‌ಟಿ ಅಂದ್ರೆ 38ರವರೆಗೆ, ಟಿ ಅಂದ್ರೆ 43ರವರೆಗೆ. ನಮ್ಮದು ಟಿ. ಅಂದ್ರೆ ರಾಯಚೂರಿನ ಬೇಸಿಗೆ ಅದರ ಕೊನೇ ಮೆಟ್ಟಿಲು, ತಗಡಿನ ಶೀಟ್ ಕೆಳಗಿಟ್ರೆ ಅದನ್ನೂ ದಾಟಿ ಹೋಗುತ್ತೆ. ಕಲಬುರಗಿ, ಬಳ್ಳಾರಿ, ವಿಜಯಪುರ, ಯಾದಗಿರಿ ಕಡೆಯವರು ಸ್ಟಾರ್ ಎಣಿಸೋಕೆ ಮೊದಲು ಈ ಅಕ್ಷರ ನೋಡಿ. ಸ್ಟಾರ್ ಕೊಡೋದು ಲ್ಯಾಬಲ್ಲಿ, ಎಲ್ಲಾ ಮಷೀನಿಗೂ ಒಂದೇ ನಿಗದಿ ಉಷ್ಣತೆ ಇಟ್ಟು. ಒಂದು ಮಾಡೆಲ್ಲಿಗೂ ಇನ್ನೊಂದಕ್ಕೂ ಹೋಲಿಸೋಕೆ ಅದು ಸರಿ, ನಿಮ್ಮ ಅಂಗಡಿ ಬಿಲ್ ಎಷ್ಟು ಬರುತ್ತೆ ಅಂತ ಹೇಳೋಕೆ ಆ ಸ್ಟಿಕ್ಕರಿಗೆ ಆಗಲ್ಲ.

ಈಗ ರಾಯಚೂರಿನ ಅಂಗಡಿ. ಪಶ್ಚಿಮಕ್ಕೆ ಬಾಗಿಲು, ಮುಂದೆ ತಗಡಿನ ಶೀಟು, ಮಧ್ಯಾಹ್ನ ಎರಡು ಗಂಟೆಯಿಂದ ಸಂಜೆ ತನಕ ಬಿಸಿಲು ನೇರ ಒಳಗೆ ಬರುತ್ತೆ. ಫ್ರೀಜರ್ ಇಟ್ಟಿದ್ದು ಬಾಗಿಲ ಪಕ್ಕ, ಗಿರಾಕಿಗೆ ಕಾಣಲಿ ಅಂತ. ಎಡಗಡೆ ಅಕ್ಕಿ ಮೂಟೆ, ಬಲಗಡೆ ಸೋಡಾ ಕ್ರೇಟು ಒಂದರ ಮೇಲೊಂದು, ಹಿಂದೆ ಗೋಡೆಗೆ ಅಂಟಿಸಿಬಿಟ್ಟಿದ್ರು. ಭಾವ ಫೋನ್ ಮಾಡಿ, "ಇದು ಫ್ರೀಜರೋ ಒಲಿಯೋ ತಿಳೀವಲ್ದು ತಮ್ಮಾ, ಒಳಗ ನೋಡಿದ್ರ ಬರ್ಫ್, ಹೊರಗ ಕೈ ಇಟ್ರ ಸುಡ್ತದ" ಅಂದ್ರು. ಅದು ಕೆಟ್ಟಿರಲಿಲ್ಲ. ಇಂಥ ಚೆಸ್ಟ್ ಫ್ರೀಜರ್‌ಗಳಲ್ಲಿ ಬಿಸಿ ಹೊರಗೆ ಹಾಕೋ ಪೈಪು ಹಿಂದೆ ಜಾಲರಿ ಥರ ಕಾಣಲ್ಲ, ಪಕ್ಕದ ತಗಡಿನ ಒಳಗೇ ಸುತ್ತಿರುತ್ತೆ, ಮೈಯೆಲ್ಲಾ ಬಿಸಿ ಆಗೋದೇ ಅದರ ಕೆಲಸ. ಅದಕ್ಕೆ ಮೂಟೆ ಒತ್ತಿಟ್ರೆ ಬಿಸಿ ಎಲ್ಲಿಗೆ ಹೋಗಬೇಕು? ನಾನು ಹೋದಾಗ ಮೂಟೆ ಪಕ್ಕದಲ್ಲಿದ್ದ ಅವಲಕ್ಕಿ ಪ್ಯಾಕೆಟ್ ಮುಟ್ಟಿದ್ರೆ ಈಗಷ್ಟೇ ಹುರಿದಂಗೆ ಬೆಚ್ಚಗಿತ್ತು.

ಫ್ರೀಜರನ್ನ ಒಳಗಡೆ ಉತ್ತರದ ಗೋಡೆ ಕಡೆ ತಗೊಂಡು ಹೋದ್ವಿ, ಮೂರೂ ಕಡೆ ಒಂದು ಗೇಣು ಜಾಗ ಬಿಟ್ವಿ, ಬಾಗಿಲಿಗೆ ಹಸಿರು ನೆಟ್ ಇಳಿಬಿಟ್ವಿ. ಬೇರೆ ಏನೂ ಮಾಡಿಲ್ಲ. ಮೇ ತಿಂಗಳಲ್ಲೇ ನಾಲ್ಕು ದಾಟ್ತಿದ್ದದ್ದು ಮೂರೂವರೆಗೆ ಬಂತು. ಜಾಗ ಅಂದ್ರೆ ಬರೀ ಊರಲ್ಲ, ಅದೇ ಅಂಗಡಿ ಒಳಗೆ ನಾಲ್ಕು ಹೆಜ್ಜೆ ಆಚೆಗೆ ಸರಿಸಿದ್ರೂ ಬಿಲ್ ಬದಲಾಗುತ್ತೆ. ಅಕ್ಕಂಗೆ ಮಾತ್ರ ಬೇಜಾರು, ಫ್ರೀಜರ್ ಕಣ್ಣಿಗೆ ಬೀಳ್ತಿಲ್ಲ ಅಂತ ಕುಲ್ಫಿ ವ್ಯಾಪಾರ ಸ್ವಲ್ಪ ಕಮ್ಮಿ ಆಯ್ತಂತೆ, ಈಗ ಬಾಗಿಲಲ್ಲಿ ಬೋರ್ಡ್ ಹಾಕಿದಾರೆ. ಕರೆಂಟ್ ಉಳಿಸೋಕೆ ಹೋಗಿ ಗಿರಾಕಿ ಕಳ್ಕೊಂಡ್ರೆ ಲೆಕ್ಕ ತಲೆಕೆಳಗೆ, ಅದೂ ನೋಡಬೇಕು.

ಹಂಗಂತ ಶಿರಸಿ ಸ್ವರ್ಗ ಅಂದುಕೋಬೇಡಿ. ಅಲ್ಲಿ ಬಿಸಿಲಿನ ಕಾಟ ಇಲ್ಲ, ತೇವದ ಕಾಟ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳೀಲೇ ನೀರಿರುತ್ತೆ, ಮುಚ್ಚಳ ತೆಗೆದಾಗೆಲ್ಲಾ ಆ ಒದ್ದೆ ಗಾಳಿ ಒಳಗೆ ಹೋಗಿ ಗೋಡೆಗೆ ಹಿಮ ಕಟ್ಟುತ್ತೆ. ಹಿಮ ದಪ್ಪ ಆದಷ್ಟೂ ತಂಪು ಸಾಮಾನಿಗೆ ತಲುಪೋದು ನಿಧಾನ, ಕಂಪ್ರೆಸರ್ ಓಡೋದು ಜಾಸ್ತಿ. ನಾನು ದಾವಣಗೆರೇಲಿ ಅಪರೂಪಕ್ಕೆ ಡೀಫ್ರಾಸ್ಟ್ ಮಾಡ್ತೀನಿ, ತಮ್ಮ ಮಳೆಗಾಲದಲ್ಲಿ ಪದೇ ಪದೇ ಮಾಡಬೇಕು. ಚಾಕು ಹಾಕಿ ಕೆರೆಯೋ ಕೆಲಸದ ಹುಡುಗರಿದ್ರೆ ಮೊದಲೇ ಹೇಳಿಡಿ, ತಗಡಿನ ಹಿಂದೇನೆ ಗ್ಯಾಸ್ ಪೈಪ್ ಇರುತ್ತೆ. ಮುಚ್ಚಳದ ರಬ್ಬರ್ ಮೇಲೆ ಕಪ್ಪು ಬೂಷ್ಟು ಬರುತ್ತೆ, ಒರೆಸ್ತಾ ಇರಬೇಕು, ಇಲ್ಲಾಂದ್ರೆ ರಬ್ಬರ್ ಸರಿಯಾಗಿ ಕೂರಲ್ಲ, ಸಂದೀಲಿ ಗಾಳಿ ಹೋಗಿ ಮತ್ತೆ ಹಿಮ. ಬುಡದ ತಗಡಿಗೆ ತುಕ್ಕು ಶುರುವಾಗಿದೆ, ಅದಕ್ಕೆ ಈ ಮಾಡೆಲ್ಲಿಗೆ ಮಾರ್ಕ್ಸ್ ಕಮ್ಮಿ ಮಾಡ್ತಿದೀನಿ, ಪೇಂಟ್ ತೆಳು. ಘಟ್ಟ ಇಳಿದು ಕುಮಟಾ ಹೊನ್ನಾವರ ಕಡೆ ಸಮುದ್ರದ ಗಾಳಿಗೆ ಇನ್ನೂ ಬೇಗ ತಿನ್ನುತ್ತೆ, ಅಲ್ಲಿಯವರು ಇಂಥಾ ತಗಡಿನ ಬುಡದ ಮಾಡೆಲ್ ತಗೋಬೇಡಿ, ತಗೊಂಡ್ರೂ ಕಾಲಿಗೆ ಸ್ಟ್ಯಾಂಡ್ ಹಾಕಿ.

ಇನ್ನು ಮಳೆಗಾಲ ಅಂದ್ಮೇಲೆ ಮರ ಬೀಳುತ್ತೆ, ಮರ ಬಿದ್ರೆ ಲೈನ್ ಹೋಗುತ್ತೆ. ಕಾಡಿನ ನಡುವೆ ಹಾದು ಬರೋ ಲೈನು, ಯಾರನ್ನ ಬೈದು ಏನು ಪ್ರಯೋಜನ. ಕರೆಂಟ್ ಇಲ್ಲದಾಗ ಯೂನಿಟ್ ಓಡಲ್ಲ ಉಳಿತಾಯ ಅಂತ ತಮಾಷೆ ಮಾಡ್ತಾರೆ, ನಿಜ ಏನಂದ್ರೆ ವಾಪಸ್ ಬಂದ ಮೇಲೆ ಕಂಪ್ರೆಸರ್ ಉಸಿರು ಬಿಡದೆ ಓಡಿ ಅಷ್ಟನ್ನೂ ವಸೂಲಿ ಮಾಡುತ್ತೆ, ಜೊತೆಗೆ ಮಾಲು ಮೆತ್ತಗಾಗಿದ್ರೆ ಅದು ಬೇರೆ ಲಾಸು, ಕರಗಿ ಮತ್ತೆ ಗಟ್ಟಿ ಆದ ಐಸ್‌ಕ್ರೀಂ ಮರಳು ಮರಳು ಆಗುತ್ತೆ, ಗಿರಾಕಿ ಒಂದೇ ಚಮಚಕ್ಕೆ ಹಿಡೀತಾರೆ. ತಮ್ಮ ಒಂದು ಉಪಾಯ ಮಾಡಿದಾನೆ: ಪ್ಲಾಸ್ಟಿಕ್ ಬಾಟ್ಲಿಗಳಲ್ಲಿ ಚೆನ್ನಾಗಿ ಉಪ್ಪು ಕರಗಿಸಿದ ನೀರು ಮುಕ್ಕಾಲು ಭಾಗ ತುಂಬಿ ಫ್ರೀಜರಿನ ಅಂಚಲ್ಲಿ ಸಾಲಾಗಿ ನಿಲ್ಲಿಸಿದಾನೆ. ಬರೀ ನೀರಾದ್ರೆ ಸೊನ್ನೆ ಡಿಗ್ರೀಲಿ ಕರಗುತ್ತೆ, ಅಷ್ಟೊತ್ತಿಗೆ ಐಸ್‌ಕ್ರೀಂ ಕಥೆ ಮುಗಿದಿರುತ್ತೆ. ಉಪ್ಪುನೀರು ಸೊನ್ನೆಗಿಂತ ಸಾಕಷ್ಟು ಕೆಳಗೇ ಕರಗೋಕೆ ಶುರು ಮಾಡುತ್ತೆ, ಅದು ಕರಗಿ ಮುಗಿಯೋ ತನಕ ಒಳಗೆ ತಂಪು ಹಿಡಿದಿಡುತ್ತೆ. ಖಾಲಿ ಫ್ರೀಜರ್‌ಗಿಂತ ತುಂಬಿದ ಫ್ರೀಜರ್ ಜಾಸ್ತಿ ಹೊತ್ತು ತಡಿಯುತ್ತೆ ಅನ್ನೋದೂ ಇದಕ್ಕೇ. ಈ ಉಪಾಯ ಮಾಡಿದ ಮೇಲೆ ಅವನು ಸಣ್ಣಪುಟ್ಟ ಕರೆಂಟ್ ಕಟ್‌ಗೆ ಜೆನರೇಟರ್ ಹತ್ರ ಹೋಗೋದೇ ಬಿಟ್ಟ. ಹೋಗಬಾರದು ಕೂಡ, ಡೀಸೆಲ್ ನಮ್ಮಲ್ಲಿ 90 ದಾಟಿದೆ, ಸಣ್ಣ ಜೆನರೇಟರ್ ಒಂದು ಲೀಟರಿಗೆ ಎರಡೋ ಮೂರೋ ಯೂನಿಟ್ ಕೊಡುತ್ತೆ, ಅಂದ್ರೆ ಯೂನಿಟ್ಟಿಗೆ 30 ರೂಪಾಯಿ ಮೇಲೇ ಬೀಳುತ್ತೆ. ರಾಯಚೂರಿಂದ ಕೃಷ್ಣಾ ದಾಟಿ ತೆಲಂಗಾಣಕ್ಕೆ ಹೋದ್ರೆ ಡೀಸೆಲ್ ಇನ್ನೂ ದುಬಾರಿ, ಭಾವನ ಅಂಗಡಿಗೆ ಮಾಲು ತರೋ ಗಾಡಿಯವರು ಈ ಕಡೇನೇ ಟ್ಯಾಂಕ್ ತುಂಬಿಸ್ಕೊಂಡು ಹೋಗ್ತಾರೆ.

ರೇಟ್ ವಿಷಯಕ್ಕೆ ಬರೋಣ, ಇದರಲ್ಲಿ ಜನಕ್ಕೆ ತುಂಬಾ ಗೊಂದಲ ಇದೆ. ಭಾವನ ಅಂಗಡೀಲಿ ಕೂತ್ರೆ ದಿನಾ ಒಬ್ಬರಾದ್ರೂ ಹೇಳ್ತಾರೆ, "ನಮ್ಮ ಶಕ್ತಿನಗರದಾಗ ಕರೆಂಟ್ ತಯಾರ್ ಆಗ್ತದ, ನಮಗ್ಯಾಕ ಕಮ್ಮಿ ಇಲ್ಲ" ಅಂತ. ನ್ಯಾಯವಾದ ಪ್ರಶ್ನೆ. ರಾಯಚೂರು ಥರ್ಮಲ್ ಸ್ಟೇಷನ್ 1720 ಮೆಗಾವ್ಯಾಟ್, ಎಂಟು ಘಟಕ, ಬೂದಿ ಅವರಿಗೆ, ಸೆಕೆ ಅವರಿಗೆ, ಕರೆಂಟ್ ರಾಜ್ಯಕ್ಕೆಲ್ಲಾ. ಶಿರಸಿ ಕಡೆಯವರೂ ಇದೇ ಹೇಳಬಹುದು, ಉತ್ತರ ಕನ್ನಡ ಜಿಲ್ಲೇಲಿ ಕಾಳಿ ನದಿ ಡ್ಯಾಮುಗಳಿವೆ, ಕೈಗಾ ಅಣು ಸ್ಥಾವರ ಇದೆ. ಆದ್ರೆ ಎಲ್ಲಿ ಉತ್ಪಾದನೆ ಆದ್ರೂ ಅದು ಗ್ರಿಡ್ಡಿಗೆ ಹೋಗುತ್ತೆ, ದರ ನಿಗದಿ ಮಾಡೋದು ಕೆಇಆರ್‌ಸಿ ಅಂದ್ರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಕರೆಂಟ್ ಹಂಚೋ ಕಂಪನಿ ಬೆಸ್ಕಾಂ ಮೆಸ್ಕಾಂ ಹೆಸ್ಕಾಂ ಜೆಸ್ಕಾಂ ಸೆಸ್ಕ್ ಯಾವುದೇ ಇರಲಿ ಸಣ್ಣ ಅಂಗಡಿಯವರ ಯೂನಿಟ್ ದರ ಹೆಚ್ಚುಕಮ್ಮಿ ಒಂದೇ. ತಿಂಗಳು ತಿಂಗಳು ಏರಿಳಿಯೋ ಇಂಧನ ಹೊಂದಾಣಿಕೆ ಶುಲ್ಕ ಮಾತ್ರ ಕಂಪನಿ ಕಂಪನಿಗೆ ಬೇರೆ, ಬಿಲ್ಲಲ್ಲಿ ಒಂದು ಸಾಲು ಇರುತ್ತೆ ನೋಡಿ, ಕೆಲವು ತಿಂಗಳು ಅದು ಮೈನಸ್ಸಲ್ಲೂ ಬರುತ್ತೆ. ಮೊದಲು ಗ್ರಾಮ ಪಂಚಾಯ್ತಿ ಏರಿಯಾದ ಅಂಗಡಿಗೆ ಪಟ್ಟಣಕ್ಕಿಂತ ಕಮ್ಮಿ ರೇಟ್ ಅಂತ ಬೇರೆ ಸ್ಲ್ಯಾಬೇ ಇತ್ತು, ಈಗ ಆ ಭೇದ ತೆಗೆದಿದಾರೆ.

2025ರ ಏಪ್ರಿಲ್‌ನಿಂದ ಕಮರ್ಷಿಯಲ್ ಸಣ್ಣ ಕನೆಕ್ಷನ್ನಿಗೆ ಯೂನಿಟ್ ದರ 8 ರೂಪಾಯಿ ಇದ್ದದ್ದು 7ಕ್ಕೆ ಇಳೀತು, ಖುಷಿ ಪಡೋ ಅಷ್ಟರಲ್ಲಿ ವಿದ್ಯುತ್ ಕಂಪನಿ ನೌಕರರ ಪಿಂಚಣಿ ಗ್ರಾಚ್ಯುಟಿಗೆ ಅಂತ 36 ಪೈಸೆ ಸೇರಿಸಿದ್ರು, ಅದರ ಜೊತೆ ಶೇಕಡ 9 ವಿದ್ಯುತ್ ತೆರಿಗೆ. ಎಲ್ಲಾ ಕೂಡಿದ್ರೆ ಆ ವರ್ಷ ಕೈಯಿಂದ ಹೋಗೋದು ಯೂನಿಟ್ಟಿಗೆ ಹತ್ರ ಹತ್ರ 8 ರೂಪಾಯಿಯೇ. ಈ ಲೆಕ್ಕದಲ್ಲಿ ಶಿರಸಿಗೂ ರಾಯಚೂರಿಗೂ ವರ್ಷದ ಸರಾಸರಿ ದಿನಕ್ಕೆ ಒಂದೂಕಾಲು ಯೂನಿಟ್ ವ್ಯತ್ಯಾಸ ಅಂತ ಹಿಡಿದ್ರೂ ವರ್ಷಕ್ಕೆ ಮೂರೂವರೆ ಸಾವಿರದ ಮೇಲೆ. ಏಳೆಂಟು ವರ್ಷ ಓಡಿಸಿದ್ರೆ ಭಾವ ಎರಡು ಫ್ರೀಜರ್ ದುಡ್ಡು ಕೊಟ್ಟಂಗೆ, ಕೈಯಲ್ಲಿರೋದು ಒಂದೇ. ರೇಟ್ ಒಂದೇ ಇಟ್ಟಿದಾರೆ ಅಂದ ಮಾತ್ರಕ್ಕೆ ಖರ್ಚು ಒಂದೇ ಆಗಲ್ಲ. ಬಿಸಿಲು ಸೀಮೆಯ ಅಂಗಡಿಯವರು ಅದೇ ಐಸ್‌ಕ್ರೀಂನ ಅದೇ ಎಂಆರ್‌ಪಿಗೆ ಮಾರಬೇಕು, ಮಾರ್ಜಿನ್ನೂ ಅದೇ. ಇದರ ಬಗ್ಗೆ ಯಾರೂ ಮಾತಾಡಲ್ಲ ಅನ್ನೋದು ನನ್ನ ಕಂಪ್ಲೇಂಟು.

ನನ್ನ ದಾವಣಗೆರೆ ಅಂಗಡೀದು ಬೇರೆ ಥರ ತಲೆನೋವು, ಅದು ಊರಿನದ್ದಲ್ಲ, ಮಳಿಗೆಯದ್ದು. ನನಗಿಂತ ಮೊದಲು ಅಲ್ಲಿ ಬ್ಯೂಟಿ ಪಾರ್ಲರ್ ಇತ್ತು, ಎಸಿ, ಗೀಸರ್, ಡ್ರೈಯರ್ ಅಂತ 5 ಕಿಲೋವ್ಯಾಟ್ ಮಂಜೂರಾತಿ ಲೋಡ್ ತಗೊಂಡಿದ್ರು, ಅಂದ್ರೆ ಒಂದೇ ಸಲಕ್ಕೆ ಅಷ್ಟರವರೆಗೆ ಕರೆಂಟ್ ಎಳೀಬಹುದು ಅಂತ ಒಪ್ಪಿಗೆ. ನನಗೆ ಫ್ರೀಜರ್, ಎರಡು ಮಿಕ್ಸಿ, ಲೈಟು ಫ್ಯಾನು, 2 ಕಿಲೋವ್ಯಾಟ್ ಸಾಕು. ಆದ್ರೆ ಫಿಕ್ಸೆಡ್ ಚಾರ್ಜ್ ಬೀಳೋದು ಮಂಜೂರಾದ ಲೋಡ್ ಮೇಲೆ, ಕಿಲೋವ್ಯಾಟಿಗೆ 200 ರೂಪಾಯಿ ಮೇಲೆ. ಅಂಗಡಿ ಬೀಗ ಹಾಕಿ ಜಾತ್ರೆಗೆ ಹೋದ್ರೂ ತಿಂಗಳಿಗೆ ಸಾವಿರ ಚಿಲ್ಲರೆ ಕಟ್ಟಲೇಬೇಕು, ನನ್ನ ಫ್ರೀಜರ್ ಇಡೀ ತಿಂಗಳು ಓಡಿದ್ರೂ ಅಷ್ಟು ಆಗಲ್ಲ! ಲೋಡ್ ಇಳಿಸೋಕೆ ಅರ್ಜಿ ಹಾಕಬಹುದು, ಆದ್ರೆ ಆರ್‌ಆರ್ ನಂಬರ್ ಅಂದ್ರೆ ಕನೆಕ್ಷನ್ ನಂಬರ್ ಓನರ್ ಹೆಸರಲ್ಲಿದೆ, ಅವರು "ಮುಂದೆ ಯಾರಾದ್ರೂ ಎಸಿ ಹಾಕೋರು ಬಂದ್ರೆ ಮತ್ತೆ ಲೋಡ್ ಏರಿಸೋ ಖರ್ಚು ಯಾರು ಕೊಡ್ತಾರೆ" ಅಂತಾರೆ. ಅವರ ದೃಷ್ಟೀಲಿ ಸರಿಯೇ, ಕಟ್ಟೋನು ನಾನು. ಹಂಗಾಗಿ ಹೊಸದಾಗಿ ಮಳಿಗೆ ಹಿಡಿಯೋರಿಗೆ ಹೇಳೋದು, ಅಡ್ವಾನ್ಸ್ ಕೊಡೋ ಮೊದಲು ಹಿಂದಿನವರ ಕರೆಂಟ್ ಬಿಲ್ ಕೇಳಿ ತಗೊಳ್ಳಿ. ಮಂಜೂರಾತಿ ಲೋಡ್ ಎಷ್ಟು, ಬಾಕಿ ಇದೆಯಾ, ಮೀಟರ್ ಕಮರ್ಷಿಯಲ್ಲಾ ಅಥವಾ ಇನ್ನೂ ಮನೆ ಲೆಕ್ಕದಲ್ಲಿದೆಯಾ, ಅಷ್ಟೂ ಅದೊಂದು ಚೀಟೀಲಿ ಇರುತ್ತೆ. ಬಾಡಿಗೆ ಐನೂರು ಕಮ್ಮಿ ಮಾಡಿಸೋಕೆ ಅರ್ಧ ದಿನ ಚೌಕಾಸಿ ಮಾಡ್ತೀವಿ, ಇದನ್ನ ಮಾತ್ರ ನೋಡಲ್ಲ.

ಮನೆ ಲೆಕ್ಕ ಅಂದಾಗ ನೆನಪಾಯ್ತು. ಸಣ್ಣ ಊರುಗಳಲ್ಲಿ ಮುಂದೆ ಅಂಗಡಿ ಹಿಂದೆ ಮನೆ ಇರುತ್ತೆ, ಗೃಹಜ್ಯೋತಿ ಬಂದ ಮೇಲೆ ಫ್ರೀಜರ್ ವೈರನ್ನ ಮನೆ ಕಡೆ ಪ್ಲಗ್ಗಿಗೆ ಹಾಕೋ ಐಡಿಯಾ ಎಲ್ಲರಿಗೂ ಬಂದಿದೆ. ಮಾಡಬೇಡಿ. ಮೊದಲನೇದಾಗಿ ಗೃಹಜ್ಯೋತಿ ಅಂದ್ರೆ ಎಲ್ಲರಿಗೂ 200 ಯೂನಿಟ್ ಫ್ರೀ ಅಲ್ಲ, ನಿಮ್ಮ ಮನೆಯ ಹಳೇ ಸರಾಸರಿ ಮೇಲೆ ಸ್ವಲ್ಪ ಸೇರಿಸಿ ಮಿತಿ ಹಾಕಿರ್ತಾರೆ, ಫ್ರೀಜರ್ ಹಾಕಿದ್ರೆ ಅದು ತಿಂಗಳಿಗೆ 80 ಯೂನಿಟ್ ಎಳೆದು ಮಿತಿ ದಾಟಿಸುತ್ತೆ. ಎರಡನೇದು, ಗೃಹಬಳಕೆ ಕನೆಕ್ಷನ್ ವ್ಯಾಪಾರಕ್ಕೆ ಬಳಸಿದ್ರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಇದೆ, ಸಿಕ್ಕಿಬಿದ್ರೆ ಎರಡು ಪಟ್ಟು ದರದಲ್ಲಿ ಲೆಕ್ಕ ಹಾಕ್ತಾರೆ, ಯಾವಾಗಿಂದ ಅಂತ ಗೊತ್ತಾಗದಿದ್ರೆ ಹಿಂದಿನ 12 ತಿಂಗಳಿಗೂ ಹಾಕ್ತಾರೆ. ಕುಲ್ಫಿ ಮಾರಿ ಅದನ್ನ ಕಟ್ಟೋಕಾಗಲ್ಲ.

ವೋಲ್ಟೇಜ್ ಬಗ್ಗೆ. ಡಬ್ಬೀ ಮೇಲೆ ಸ್ಟೆಬಿಲೈಸರ್ ಬೇಡ ಅಂತ ದೊಡ್ಡದಾಗಿ ಪ್ರಿಂಟ್ ಮಾಡಿದಾರೆ. ನಮ್ಮ ಮೂರೂ ಅಂಗಡಿ ಪೇಟೆ ಮಧ್ಯೆ, ಟ್ರಾನ್ಸ್‌ಫಾರ್ಮರ್ ಹತ್ರ, ಬೇಡ ಅನ್ನೋದು ನಿಜವೇ ಆಯ್ತು. ಆದ್ರೆ ನನ್ನ ಹತ್ರ ಐಸ್‌ಕ್ರೀಂ ತಗೊಂಡು ಹೋಗೋ ಒಬ್ಬ ಹುಡುಗ ಇದಾನೆ, ಹಳ್ಳೀಲಿ ಅಂಗಡಿ, ಲೈನಿನ ಕಟ್ಟಕಡೇ ಕಂಬದಿಂದ ಕನೆಕ್ಷನ್. ನಾನು ಹೇಳಿದೆ ಅಂತ ಇದೇ ಮಾಡೆಲ್ ತಗೊಂಡ. ಸಂಜೆ ಎಲ್ಲರ ಮನೇಲೂ ಲೈಟು ಟಿವಿ ಮಿಕ್ಸಿ ಶುರುವಾದ ಮೇಲೆ ಅವನ ಕಡೆ ವೋಲ್ಟೇಜ್ 170ಕ್ಕೆ ಇಳಿಯುತ್ತೆ, ಕಂಪ್ರೆಸರ್ ಗೊರ್ ಅಂತ ಗೊಣಗಿ ಟ್ರಿಪ್ ಆಗುತ್ತೆ, ಮತ್ತೆ ಸ್ವಲ್ಪ ಹೊತ್ತಿಗೆ ಪ್ರಯತ್ನ ಪಡುತ್ತೆ, ಮತ್ತೆ ಟ್ರಿಪ್. ಹಿಂಗೆ ಎದ್ದು ಬಿದ್ದು ಮಾಡೋದ್ರಲ್ಲೇ ಕರೆಂಟ್ ಹಾಳು, ಕೂಲಿಂಗೂ ಇಲ್ಲ. ಕೊನೆಗೆ ನಾಲ್ಕೂವರೆ ಸಾವಿರ ಕೊಟ್ಟು ಸ್ಟೆಬಿಲೈಸರ್ ಹಾಕಿಸಿದ, ಈಗ ಸರಿ ಇದೆ. ಅಂದ್ರೆ ಅವನಿಗೆ ಈ ಫ್ರೀಜರಿನ ಬೆಲೆ 26 ಅಲ್ಲ, ಮೂವತ್ತೂವರೆ ಸಾವಿರ. ನಿಮ್ಮ ಅಂಗಡಿ ಕಂಬ ಎಷ್ಟನೇದು ಅಂತ ನೋಡ್ಕೊಂಡು, ಸಂಜೆ ಏಳರಿಂದ ಒಂಬತ್ತರ ನಡುವೆ ಒಬ್ಬ ಎಲೆಕ್ಟ್ರಿಷಿಯನ್ ಕರೆದು ಮೀಟರ್ ಇಟ್ಟು ನೋಡಿಸಿ, ಆಮೇಲೆ ಡಬ್ಬೀ ಮೇಲಿನ ಮಾತು ನಂಬಿ.

ಸೋಲಾರ್ ಹಾಕ್ಸಿ ಅಂತ ಭಾವಂಗೆ ಬಂದೋರೆಲ್ಲಾ ಹೇಳ್ತಾರೆ. ಬಿಸಿಲು ಅಷ್ಟಿದೆ, ಹಾಕಿಸಿದ್ರೆ ಲಾಭವೇ, ಪಾವಗಡದಲ್ಲಿ 2050 ಮೆಗಾವ್ಯಾಟ್ ಪಾರ್ಕ್ ಕಟ್ಟಿರೋದು ಇಂಥಾ ಒಣ ಸೀಮೆಯ ಬಿಸಿಲು ನಂಬಿಕೊಂಡೇ. ಪ್ಯಾನೆಲ್ ತುಂಬಾ ಕಾದ್ರೆ ಉತ್ಪಾದನೆ ಸ್ವಲ್ಪ ಇಳಿಯುತ್ತೆ ಅನ್ನೋದು ಬಿಟ್ರೆ ರಾಯಚೂರಿಗೆ ಅದು ಹೇಳಿ ಮಾಡಿಸಿದ್ದು. ಆದ್ರೆ ಅಂಗಡಿ ಬಾಡಿಗೇದು, ಛಾವಣಿ ಓನರಿಂದು, ಮೇಲೆ ಅವರು ಮನೆ ಕಟ್ಟೋ ಪ್ಲಾನಲ್ಲಿದಾರೆ. ಸಣ್ಣ ವ್ಯಾಪಾರದವರಲ್ಲಿ ಸ್ವಂತ ಛಾವಣಿ ಎಷ್ಟು ಜನಕ್ಕಿದೆ ಹೇಳಿ. ಶಿರಸೀಲಿ ತಮ್ಮಂಗೆ ಸ್ವಂತ ಕಟ್ಟಡ ಇದೆ, ಮಳೆಗಾಲದ ತಿಂಗಳುಗಳಲ್ಲಿ ಮೋಡ, ಮೇಲೆ ಹಲಸಿನ ಮರದ ನೆರಳು. ಹಲಸಿನ ಮರ ಕಡಿಯೋಕೆ ಅವನ ಹೆಂಡತಿ ಒಪ್ಪಲ್ಲ, ಒಪ್ಪಲೂಬಾರದು.

ಸರ್ವೀಸ್ ಬಗ್ಗೆ ಒಂದು ಮಾತು, ಇದೂ ಬಿಲ್ಲಿಗೆ ಸಂಬಂಧಪಟ್ಟಿದ್ದೇ. ಶಿರಸಿ ಪೀಸಲ್ಲಿ ಗ್ಯಾಸ್ ಸಣ್ಣಗೆ ಲೀಕ್ ಆಗಿತ್ತು. ಪೂರ್ತಿ ಕೆಟ್ಟು ನಿಂತಿದ್ರೆ ಗೊತ್ತಾಗ್ತಿತ್ತು, ಇದು ನಿಲ್ಲಲಿಲ್ಲ, ಕೂಲಿಂಗ್ ಕಮ್ಮಿ ಆಗಿ ಕಂಪ್ರೆಸರ್ ಹಗಲೂ ರಾತ್ರಿ ಓಡ್ತಾನೇ ಇತ್ತು. ಆಗ ಪ್ಲಗ್ ಮೀಟರ್ ಅಲ್ಲಿದ್ದದ್ದಕ್ಕೆ ಯೂನಿಟ್ ಡಬಲ್ ಆಗಿದ್ದು ಕಂಡು ಗೊತ್ತಾಯ್ತು. ಟೆಕ್ನಿಷಿಯನ್ ಬರಬೇಕಾದ್ದು ಹುಬ್ಬಳ್ಳಿಯಿಂದ, ಆ ಕಡೆ ಇನ್ನೂ ಎರಡು ಕಂಪ್ಲೇಂಟ್ ಸೇರಿದ ಮೇಲೇನೇ ಬರೋದು. ಬಂದ ಹುಡುಗ ಕೆಲಸ ಚೆನ್ನಾಗೇ ಮಾಡಿದ, ವಾರಂಟೀಲಿ ಗ್ಯಾಸ್ ಫ್ರೀ, ಹೋಗಿಬರೋ ಚಾರ್ಜ್ ಮಾತ್ರ ಕೇಳಿದ. ದಾವಣಗೆರೇಲಿ ಫೋನ್ ಮಾಡಿದ್ರೆ ಮಾರನೇ ದಿನ ಬರ್ತಾರೆ. ಖರೀದಿ ಮಾಡುವಾಗ ಸರ್ವೀಸ್ ಸೆಂಟರ್ ಎಷ್ಟು ದೂರ ಅಂತ ಕೇಳಿ, ಕಂಪನಿ ದೊಡ್ಡದಾ ಸಣ್ಣದಾ ಅನ್ನೋದಕ್ಕಿಂತ ಅದು ಮುಖ್ಯ.

ರೇಟಿಂಗ್ ಐದಕ್ಕೆ: ಶಿರಸಿಗೆ 4, ತುಕ್ಕು ಹಿಡೀದಿದ್ರೆ ನಾಲ್ಕೂವರೆ ಕೊಡ್ತಿದ್ದೆ. ದಾವಣಗೆರೆಗೆ 4. ರಾಯಚೂರಿಗೆ 3, ಅದೂ ಜಾಗ ಬದಲಿಸಿದ ಮೇಲೆ. ಬಿಸಿಲು ಸೀಮೆಯವರು ಇದೇ ರೇಂಜಲ್ಲಿ ಹುಡುಕ್ತಿದ್ರೆ ಲೀಟರ್ ಸ್ವಲ್ಪ ಕಮ್ಮಿ ಆದ್ರೂ ಪರವಾಗಿಲ್ಲ, ಗೋಡೆ ದಪ್ಪ ಇರೋ ಮಾಡೆಲ್ ನೋಡಿ, ಹೊರಗಿನ ಅಳತೆ ಒಳಗಿನ ಅಳತೆ ಟೇಪ್ ಹಿಡಿದು ನೋಡಿದ್ರೆ ಅಂಗಡೀಲೇ ಗೊತ್ತಾಗುತ್ತೆ, ಡೀಲರ್ ವಿಚಿತ್ರವಾಗಿ ನೋಡ್ತಾನೆ, ನೋಡಲಿ. ಗ್ಲಾಸ್ ಟಾಪ್ ಹೆಂಗೆ ಅಂತ ಕೇಳೋರಿಗೆ: ವ್ಯಾಪಾರಕ್ಕೆ ಒಳ್ಳೇದು, ಮಕ್ಕಳು ನೋಡಿ ಬೆರಳು ತೋರಿಸಿ ತಗೋತಾರೆ, ಆದ್ರೆ ಗಾಜಿನ ಮೂಲಕ ಬಿಸಿ ನುಗ್ಗೋದು ಗಟ್ಟಿ ಮುಚ್ಚಳಕ್ಕಿಂತ ತುಂಬಾ ಜಾಸ್ತಿ, ಕರೆಂಟ್ ಹೋದಾಗಲೂ ಬೇಗ ಕರಗುತ್ತೆ. ಶಿರಸಿ, ಮಡಿಕೇರಿ, ಚಿಕ್ಕಮಗಳೂರು ಕಡೆ ಇಟ್ಕೊಳ್ಳಿ. ರಾಯಚೂರಲ್ಲಿ ಇಡಲೇಬೇಕು ಅಂದ್ರೆ ರಾತ್ರಿ ಅಂಗಡಿ ಮುಚ್ಚುವಾಗ ಗಾಜಿನ ಮೇಲೆ ಥರ್ಮೋಕೋಲ್ ಶೀಟ್ ಕತ್ತರಿಸಿ ಮುಚ್ಚಿ, ಭಾವನ ಪಕ್ಕದ ಅಂಗಡಿಯವರು ಹಂಗೇ ಮಾಡ್ತಾರೆ, ಬೆಳಗ್ಗೆ ಕಂಪ್ರೆಸರ್ ಓಡೋ ಹೊತ್ತು ಕಮ್ಮಿ ಆಗಿದೆ ಅಂತಾರೆ.